ಶೆಲ್ಲು ಕೇಳುತ್ತಿದ್ದ ಮೀನಕ್ಕ

ಕಳೆದ ತಿಂಗಳು ಒಂದು ಬೆಳಿಗ್ಗೆ ಮೀನಕ್ಕ ನಮ್ಮ ಜಗಲಿಯಲ್ಲಿ ಬುಟ್ಟಿ ಇಳಿಸಿ, "ಸೋಮಾರದಿಂದ ನಾನ್ ಬತ್ತಿಲ್ಲೆ ಟೀಚ್ರೆ. ಮೊಣಕಾಲ್ ನನ್ ಮಾತ್ ಕೇಂತಿಲ್ಲೆ" ಎಂದಳು. ಅಷ್ಟೇ. ಮಾಮೂಲಿನಂತೆ ಬಂಗುಡೆ ಎಣಿಸಿ ಹಾಕಿದಳು, ಬುಟ್ಟಿ ತಲೆಗೇರಿಸಿಕೊಂಡಳು, ಹೋದಳು. ಶಾಲೆಯಲ್ಲಿ ನಿವೃತ್ತರಾದವರಿಗೆಲ್ಲ ಹಾರ ಹಾಕಿ ಅರ್ಧ ಗಂಟೆ ಭಾಷಣ ಬಿಗಿದವಳು ನಾನು. ಆ ದಿನ ಬಾಯಲ್ಲಿ ಒಂದು ಮಾತು ಹುಟ್ಟಲಿಲ್ಲ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಬರೆಯುತ್ತೇನೆಂದು ಹೇಳಿದಾಗ ಅವಳು ಹಾಕಿದ ಕಟ್ಟಳೆ ಒಂದೇ: "ಹೆಸ್ರ್ ಹಾಕ್ಬ್ಯಾಡಿ." ಹಾಕುವುದಿಲ್ಲ. ಹೇಗೂ ನಮ್ಮೂರು ಬಿಜೂರಿನಲ್ಲಿ ಅವಳ ಹೆಸರು ಗೊತ್ತಿದ್ದವರು ಕಡಿಮೆ. ಕಡಲ ಬದಿಯಿಂದ ಮೊದಲ ಬಸ್ಸಿಗೆ ಬಂದಿಳಿದು ಮನೆ ಮನೆಗೆ ಮೀನು ತರುವವಳು ಎಲ್ಲರಿಗೂ ಮೀನಕ್ಕ. ನನಗಿಂತ ಹದಿನೈದು ವರ್ಷ ದೊಡ್ಡವಳು. "ಅವರು" ಎಂದು ಬರೆಯಬೇಕಿತ್ತು. ಬರೆದು ನೋಡಿದೆ, ಯಾರೋ ಬ್ಯಾಂಕ್ ಮ್ಯಾನೇಜರರ ಬಗ್ಗೆ ಬರೆದಂತೆ ಕಂಡಿತು, ಹೊಡೆದು ಹಾಕಿದೆ.

ಎತ್ತರದ ಆಳು. ಬುಟ್ಟಿ ಹೊತ್ತು ನಡೆದವರಿಗೆ ಬರುವ ನೆಟ್ಟಗಿನ ಕುತ್ತಿಗೆ. ಏನನ್ನು ತೋರಿಸುವುದಿದ್ದರೂ ಬೆರಳೆತ್ತುತ್ತಿರಲಿಲ್ಲ, ಗಲ್ಲ ಮುಂದೆ ಮಾಡುತ್ತಿದ್ದಳು. ಹೆಬ್ಬೆರಳಲ್ಲಿ ಮೀನಿನ ಕಿವಿರು ಎತ್ತಿ ಕೆಂಪು ತೋರಿಸಿ "ಕಾಣಿ" ಎಂದರೆ ಮುಗಿಯಿತು, ಅದರ ಮೇಲೆ ಚೌಕಾಶಿಯಿಲ್ಲ. ಹಳಸಿದ ಮೀನನ್ನು ತಾಜಾ ಎಂದು ಅವಳು ಕೊಟ್ಟದ್ದು ನಾನು ಕಂಡಿಲ್ಲ. "ಇವತ್ತಿಂದ್ ಬ್ಯಾಡ, ನಿನ್ನೆದ್" ಎಂದು ತಾನೇ ಹೇಳಿ ಬುಟ್ಟಿ ಎತ್ತಿಕೊಂಡು ಹೋದದ್ದು ಎಷ್ಟೋ ಸಲ. ಅವಳಿಗೆ ಇದ್ದ ಆಸ್ತಿಯೆಂದರೆ ಅವಳ ಮಾತು. ಆ ಮಾತನ್ನು ಒಂದು ಸಲ ಹಾಳು ಮಾಡಿದವಳು ನಾನೇ. ಅದನ್ನು ಹೇಳದೆ ಅವಳ ಚಿತ್ರ ಬರೆಯಲು ಬರುವುದಿಲ್ಲ.

ಮೊದಲು ಅಂಗಳದ ವಿಷಯ ಹೇಳಬೇಕು. ನಮ್ಮ ಕಡೆ ಬ್ಯಾಟ್ರಿ ಎಂದರೆ ಟಾರ್ಚು. ಅದರೊಳಗೆ ಹಾಕುವುದು ಶೆಲ್ಲು. ಶೆಲ್ಲು ಸತ್ತ ಮೇಲೆ ಎರಡು ದಿನ ಬಿಸಿಲಿಗಿಟ್ಟು ಮತ್ತೆರಡು ದಿನ ಉರಿಸುವುದು, ಆಮೇಲೆ ಒಡೆದು ಒಳಗಿನ ಕಪ್ಪು ಹುಡಿ ತೆಗೆದಿಡುವುದು. ಮಳೆ ಮುಗಿದು ಅಂಗಳ ಕೆತ್ತಿ, ಸಮ ಮಾಡಿ, ಬಡಿದು, ಸಗಣಿ ಸಾರಿಸುವಾಗ ಆ ಹುಡಿಯನ್ನು ಸಗಣಿಗೆ ಕಲಸುವುದು. ಅಂಗಳ ಕಡುಕಪ್ಪಾಗಿ ಮಿರಮಿರ ಮಿಂಚುತ್ತದೆ. ನಮ್ಮ ಅತ್ತೆ ಈ ವಿದ್ಯೆಯಲ್ಲಿ ಊರಿಗೇ ಒಂದು ಕೈ ಮೇಲು. ವರ್ಷವಿಡೀ ಅಕ್ಕಪಕ್ಕದ ಮನೆಗಳಿಂದ ಶೆಲ್ಲು ಬೇಡಿ ತಂದು ಕೂಡಿಡುತ್ತಿದ್ದರು. ಅವರ ಅಂಗಳದಲ್ಲಿ ಬಗ್ಗಿದರೆ ಮುಖ ಕಾಣುತ್ತದೆ ಎಂದು ಊರಲ್ಲಿ ಮಾತಿತ್ತು. ಆ ಅಂಗಳದ ಮೇಲೆಯೇ ಭತ್ತ ಒಣಗುತ್ತಿತ್ತು, ಹಪ್ಪಳ ಒಣಗುತ್ತಿತ್ತು, ನನ್ನ ಮಗಳು ಅಂಬೆಗಾಲಿಕ್ಕುತ್ತಿದ್ದಳು.

ಅತ್ತೆಯನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳಿಂದ ಹಳೆ ಶೆಲ್ಲು ತರಿಸಿ, ಕಲ್ಲಿನಲ್ಲಿ ಜಜ್ಜಿಸಿ, ತೊಂಡೆ ಸೊಪ್ಪಿನ ರಸದೊಂದಿಗೆ ಕಲಸಿ ಕರಿಹಲಗೆಗೆ ತಿಕ್ಕಿಸುತ್ತಿದ್ದವಳು. ತೊಂಬತ್ತೆಂಟರಲ್ಲಿರಬೇಕು, ಹಾಗೆ ತಿಕ್ಕಿಸುತ್ತಿದ್ದಾಗ ಶಾಲೆಯ ಮೈದಾನದ ಅಡ್ಡದಾರಿಯಲ್ಲಿ ಹೋಗುತ್ತಿದ್ದ ಮೀನಕ್ಕ ಬಾಗಿಲಲ್ಲಿ ನಿಂತಳು.

"ಹ್ವಾಯ್ ಟೀಚ್ರೆ, ಎಂತ ಮಾಡ್ಸ್ತಿದ್ರಿ ಮಕ್ಳ್ ಹತ್ರ?"

ಮಕ್ಕಳ ಕೈ ಮೊಣಕೈವರೆಗೆ ಕಪ್ಪು. ಕೆಲವರ ಮೂಗೂ ಕಪ್ಪು. ನಾನು ಪಾಠ ಮಾಡುವ ಸ್ವರದಲ್ಲಿ, "ಇದು ಬರೀ ಇಂಗಾಲ ಮೀನಕ್ಕ. ಪೆನ್ಸಿಲಿನಲ್ಲಿ ಇರುವುದೇ. ಏನೂ ಆಗುವುದಿಲ್ಲ" ಎಂದೆ.

"ಏನೂ ಆತಿಲ್ಲೆ?"

"ಇಲ್ಲ."

"ಹಾಂಗಾರೆ ಬರ್ದ್ ಕೊಡಿ ಕಾಂಬ."

ಅವಳಿಗೆ ಓದು ಬರಹ ಅಷ್ಟಕ್ಕಷ್ಟೆ. ನಾನು ಬರೆದುಕೊಟ್ಟಿದ್ದರೆ ಅದನ್ನು ಓದಲು ಮತ್ತೊಬ್ಬರನ್ನು ಹುಡುಕಬೇಕಿತ್ತು. ಆದರೆ ಬರೆಯಲು ಕೈ ಬರಲಿಲ್ಲ. ಬರೆಯಬೇಕೆಂದಾಗ ತಾನೇ ಗೊತ್ತಾಗುವುದು, ನಮಗೆ ಏನು ಗೊತ್ತಿಲ್ಲವೆಂದು! ಆ ಭಾನುವಾರ ಕುಂದಾಪುರಕ್ಕೆ ಹೋಗಿ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿಯಿಂದ ರಸಾಯನಶಾಸ್ತ್ರದ ಪುಸ್ತಕ ತೆಗೆಸಿ ಓದಿದೆ. ಇಂಗಾಲವಿದೆ, ನಿಜ. ಜೊತೆಗೆ ಮ್ಯಾಂಗನೀಸು, ಸತು, ನವಸಾಗರ. ಹಳೆಯ ತರದ ಶೆಲ್ಲುಗಳಲ್ಲಿ ಪಾದರಸ, ಸೀಸ, ಕ್ಯಾಡ್ಮಿಯಂ "ಅಲ್ಪ ಪ್ರಮಾಣದಲ್ಲಿ". ಅರ್ಧ ಉತ್ತರ ಬರೆದ ಮಕ್ಕಳಿಗೆ ಸೊನ್ನೆ ಹಾಕುತ್ತಿದ್ದ ನನ್ನ ಕೆನ್ನೆಗೆ ಹೊಡೆದಂತಾಯಿತು.

ಅವಳಿಗೆ ಇದು ಹೇಗೆ ಹೊಳೆಯಿತು ಎಂದು ಕೇಳಿದಾಗ ಒಂದೇ ಒಂದು ಸಲ ಹೇಳಿದಳು. ಗಂಡ ಬೊಂಬಾಯಿಯಲ್ಲಿ ಲಾರಿಯ ಹಳೆ ಬ್ಯಾಟರಿ ಒಡೆಯುವ ಒಂದು ಶೆಡ್ಡಿನಲ್ಲಿ ದುಡಿಯುತ್ತಿದ್ದ. ತೊಂಬತ್ತೇಳರಲ್ಲಿ ಊರಿಗೆ ಬಂದ. ಹೊಟ್ಟೆನೋವು, ಮಂಕು. ಮಣಿಕಟ್ಟು ಜೋತುಬಿದ್ದಿತ್ತು. ನೀರಿನ ಲೋಟ ಹಿಡಿದರೆ ಅರ್ಧ ನೀರು ಎದೆ ಮೇಲೆ. ಅಲ್ಲಿಂದ ಅವನು ಬದುಕಿದ ಆರು ವರ್ಷವೂ ಅವನಿಗೆ ನೀರು ಕುಡಿಸಿದ್ದು ಇವಳು.

ನಾನು ಆಗಲೂ ಸುಮ್ಮನಿರಲಿಲ್ಲ. "ಅದು ಸೀಸದ ಬ್ಯಾಟರಿ ಮೀನಕ್ಕ. ಟಾರ್ಚಿನ ಶೆಲ್ಲು ಬೇರೆ, ಅಷ್ಟು ಕೆಟ್ಟದ್ದಲ್ಲ" ಎಂದೆ. ರಸಾಯನಶಾಸ್ತ್ರದ ಪ್ರಕಾರ ನನ್ನ ಮಾತು ಸರಿ.

"ಅವ್ರಿಗೂ ಅಲ್ಲಿ ಎಂತ ಆತಿಲ್ಲೆ ಅಂದೇ ಹೇಳಿದ್ರ್ ಟೀಚ್ರೆ. ಹೇಳ್ದವ್ರೂ ನಿಮ್ಮಾಂಗೆ ಕಲ್ತವ್ರೆ" ಎಂದಳು. ಆಮೇಲೆ ಬುಟ್ಟಿ ಕಡೆ ಗಲ್ಲ ತೋರಿಸಿ, "ಮೀನ್ ಹಾಳಾದ್ರೆ ಮೂಗಿಗ್ ಗೊತ್ತಾತ್ತ್. ಇದ್ ಮಣ್ಣಿಗ್, ನೀರಿಗ್ ಸೇರಿದ್ರೆ ಯಾವ್ ಮೂಗಿಗ್ ಗೊತ್ತಾತ್ತ್?" ಎಂದಳು.

ಅಲ್ಲಿಂದ ಶುರು ಅವಳ ಕಾರುಬಾರು. ಪ್ರತಿ ಮನೆಯ ಜಗಲಿಯಲ್ಲೂ ಮೊದಲ ಮಾತು, "ಶೆಲ್ ಇತ್ತಾ?" ಶೆಲ್ಲು ಕೊಟ್ಟವರಿಗೆ ಮೀನು ಹೆರ್ಕುವ, ಅಂದರೆ ತಾವೇ ಆರಿಸಿಕೊಳ್ಳುವ ಹಕ್ಕು. ಕೊಡದವರಿಗೆ ಅವಳು ಕೊಟ್ಟದ್ದೇ ಮೀನು. ಬುಟ್ಟಿಗೆ ಶೆಲ್ಲು ಸೋಕಿಸುತ್ತಿರಲಿಲ್ಲ. ಅದಕ್ಕೆಂದೇ ಹೆಗಲಿಗೊಂದು ರೆಕ್ಸಿನ್ ಚೀಲ. ಸೋರುತ್ತಿದ್ದ ಶೆಲ್ಲನ್ನು ಬರಿಗೈಯಲ್ಲಿ ಕೊಡಬಂದವರನ್ನು ಅಲ್ಲೇ ತಡೆದು, ಕಾಗದದಲ್ಲಿ ಸುತ್ತಿಸಿ ಪ್ಲಾಸ್ಟಿಕ್ಕಿಗೆ ಹಾಕಿಸುತ್ತಿದ್ದಳು. ಚೀಲದ ಬಾಯಿ ಕಟ್ಟಿ, ಬಾವಿಕಟ್ಟೆಯಲ್ಲಿ ಸಾಬೂನು ಹಾಕಿ ಕೈ ತೊಳೆದು, ಆಮೇಲೆ ಮೀನು ಮುಟ್ಟುವುದು. ಮಡಿ ಹೆಂಗಸರೂ ಅಷ್ಟು ತೊಳೆಯುವುದಿಲ್ಲ ಎಂದು ನಮ್ಮತ್ತೆ ಗೇಲಿ ಮಾಡುತ್ತಿದ್ದರು.

ಗೇಲಿ ಮಾಡಿದ್ದಷ್ಟೇ, ಅತ್ತೆ ಶೆಲ್ಲು ಕೊಟ್ಟಿರಲಿಲ್ಲ. ಕಪ್ಪು ಅಂಗಳ ಬಿಡುವುದುಂಟೆ? ಮೀನಕ್ಕ ಒಂದು ವರ್ಷ ಕೇಳಿದಳು, ಎರಡು ವರ್ಷ ಕೇಳಿದಳು. ಮೂರನೆಯ ವರ್ಷ ಅಂಗಳ ಮಾಡುವ ಹೊತ್ತಿಗೆ, ದೋಣಿ ಇಳಿಯದ ಒಂದು ದಿನ, ಬುಟ್ಟಿಯಿಲ್ಲದೆ ಬಂದಳು. ತೆಂಗಿನ ಗೆರಟೆ ಸುಟ್ಟ ಇದ್ದಿಲನ್ನು ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಸಗಣಿಗೆ ಕಲಸಿ ಅರ್ಧ ಅಂಗಳ ತಾನೇ ಸಾರಿಸಿದಳು. ಮಧ್ಯಾಹ್ನಕ್ಕೆ ಒಣಗಿತು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಬೂದಿ ಬಣ್ಣ ಬಂತ್. ಮುಖ ಕಾಂತಿಲ್ಲೆ."

"ಮುಖ ಕಾಂಬುಕೆ ಮನ್ಯಂಗೆ ಕನ್ನಡಿ ಇತ್ತಲೆ ಅಮ್ಮ. ಅಂಗ್ಳ ಇಪ್ಪುದ್ ಭತ್ತ ಒಣ್ಸುಕೆ."

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಸೋತಂತೆಯೇ. ಕೂಡಿಟ್ಟ ಶೆಲ್ಲುಗಳನ್ನೆಲ್ಲ ತಂದು ಮುಂದಿಟ್ಟು ಕೇಳಿದರು, "ನೀ ಇದನ್ ಎಂತ ಮಾಡ್ತೆ? ತಕಂಡ್ ಹೋಯಿ ಕಡ್ಲಿಗ್ ಹಾಕುದಾ?"

"ಇಲ್ಲೆ ಅಮ್ಮ. ಒಂದ್ ಸರಿ ಜಾಗ ಸಿಕ್ಕುವರೆಗೆ ಟೀಚ್ರ್ ಶಾಲೆಯಂಗೆ ಇಡ್ತ್ರ್. ಮಣ್ಣಿಗ್ ಹೋತಿಲ್ಲೆ, ನೀರಿಗ್ ಹೋತಿಲ್ಲೆ. ಇದ್ ನನ್ ಮಾತ್."

"ನಿನ್ ಮಾತ್ ನಂಬಿ ಕೊಡ್ತೆ" ಎಂದರು ಅತ್ತೆ.

ಅದೇ ಮಾತನ್ನು ಅವಳು ಎಲ್ಲ ಮನೆಗಳಲ್ಲೂ ಕೊಟ್ಟಿದ್ದಳು. ಸರಿ ಜಾಗ ಎಲ್ಲಿದೆಯೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಶಾಲೆಯ ವಿಜ್ಞಾನದ ಕೋಣೆಯ ಮೂಲೆಯಲ್ಲಿ ಮಣೆಯ ಮೇಲೆ ಮುಚ್ಚಳವಿರುವ ನೀಲಿ ಡ್ರಮ್ಮು ಇಡಿಸಿದೆ. ಶೆಲ್ಲಿನ ತುದಿ ಒಂದಕ್ಕೊಂದು ತಾಗದಂತೆ ಪ್ರತಿಯೊಂದನ್ನೂ ಹಳೆ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಸುತ್ತಿಸುತ್ತಿದ್ದೆ. ಡ್ರಮ್ಮು ಒಂದಿದ್ದದ್ದು ಎರಡಾಯಿತು, ನಾಲ್ಕಾಯಿತು. ಕಾಲ ಬದಲಾದಂತೆ ಅವಳ ಚೀಲಕ್ಕೆ ಬೀಳುವ ಸಾಮಾನೂ ಬದಲಾಯಿತು. ಕೆಟ್ಟ ರಿಮೋಟು, ಗಡಿಯಾರದ ಗುಂಡಿಯಂಥ ಶೆಲ್ಲು, ಕಡೆಗೆ ಮೊಬೈಲು. ಒಂದು ದಿನ ಮರಳು ತುಂಬಿದ ಡಬ್ಬಿಯನ್ನು ಕೈ ನೀಡಿ ದೂರ ಹಿಡಿದುಕೊಂಡು ಬಂದಳು. ಒಳಗೆ ಉಬ್ಬಿದ ಮೊಬೈಲ್ ಬ್ಯಾಟರಿ.

"ಇದ್ ಬಸ್ರಿ ಆಯ್ತ್ ಕಾಣಿ ಟೀಚ್ರೆ. ಹೆರುಕ್ ಮುಂಚೆ ಬೇರೆ ಇಡಿ."

ಅದನ್ನು ಚುಚ್ಚಬಾರದು, ಬಿಸಿಲಲ್ಲಿಡಬಾರದು, ಉಳಿದವುಗಳ ಜೊತೆ ಸೇರಿಸಬಾರದು ಎಂದು ಮಕ್ಕಳಿಗೆ ಒಂದು ಪೀರಿಯಡ್ಡು ಪೂರ್ತಿ ವಿವರಿಸಿದ್ದೆ. ಅವರಿಗೆ ನೆನಪುಳಿದದ್ದು ಮೀನಕ್ಕನ ಮಾತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಶಾಲೆಗೆ ಕಂಪ್ಯೂಟರುಗಳು ಬಂದವು. ಇಡಲು ಕೋಣೆ ಬೇಕು. ವಾರದೊಳಗೆ ಡ್ರಮ್ಮು ಖಾಲಿ ಮಾಡಿ ಎಂದು ಆಜ್ಞೆಯಾಯಿತು. ಹಾಲಾಡಿ ಕಡೆಯ ಒಬ್ಬ ಗುಜರಿಯವನು ಶಾಲೆಯ ಮುರಿದ ಬೆಂಚುಗಳ ಕಬ್ಬಿಣ ಒಯ್ಯಲು ಬಂದಿದ್ದ. "ಇದನ್ನೂ ಕೊಡಿ ಮೇಡಂ, ಫ್ಯಾಕ್ಟರಿಗೆ ಹೋಗ್ತದೆ" ಎಂದ. ಯಾವ ಫ್ಯಾಕ್ಟರಿ ಎಂದು ನಾನು ಕೇಳಲಿಲ್ಲ. ನಂಬಿದೆ ಎಂದರೆ ಸುಳ್ಳಾಗುತ್ತದೆ. ನಂಬಿದರೆ ನನಗೆ ಅನುಕೂಲವಿತ್ತು, ಅಷ್ಟೆ. ಮೀನಕ್ಕನಿಗೆ, "ಸರಿ ಜಾಗಕ್ಕೆ ಹೋಯಿತು" ಎಂದೆ. ಅವಳು ಖುಷಿಯಿಂದ ಆ ದಿನ ಎಲ್ಲ ಮನೆಗಳಲ್ಲೂ ಅದನ್ನು ಹೇಳಿಕೊಂಡು ಹೋದಳು.

ಎರಡು ತಿಂಗಳಾಗಿರಬೇಕು. ಮೀನಕ್ಕ ಹಾಲಾಡಿಯ ಹತ್ತಿರ ಸಂಬಂಧಿಕರ ಮದುವೆಗೆ ಹೋದವಳು ಮರುದಿನ ನೇರ ಶಾಲೆಗೆ ಬಂದಳು. ಬಾಗಿಲಲ್ಲಿ ನಿಂತು ಸೆರಗಿನ ಗಂಟಿನಿಂದ ಒಂದು ಕಾಗದದ ಚೂರು ತೆಗೆದು ಮೇಜಿನ ಮೇಲಿಟ್ಟಳು. ಮಸಿ ಹಿಡಿದ ಉತ್ತರ ಪತ್ರಿಕೆ. ಅದರ ಮೇಲೆ ನನ್ನ ಕೆಂಪು ಶಾಯಿಯ ಸೊನ್ನೆ.

"ತೋಡಿನ್ ಬದಿಯಂಗೆ ಸಿಕ್ತ್" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಇಬ್ಬರೂ ಬಸ್ಸು ಹತ್ತಿದೆವು. ಗುಜರಿಯವನು ಒಡೆದು ಸತುವಿನ ತಗಡು ಮಾತ್ರ ತೆಗೆದುಕೊಂಡಿದ್ದ. ಕಪ್ಪು ಹುಡಿ, ಕಾಗದ, ಕಡ್ಡಿ ಎಲ್ಲ ಗದ್ದೆಗಳಿಗೆ ನೀರು ಹರಿಯುವ ತೋಡಿನ ಅಂಚಿಗೆ ರಾಶಿ. ಬೇಸಿಗೆಯಾದ್ದರಿಂದ ನೀರು ತಳ ಹಿಡಿದಿತ್ತು, ಅದೊಂದು ಪುಣ್ಯ. "ನಂಗೆ ಗೊತ್ತಿಲ್ಲ ಮೇಡಂ, ಸತುವಿಗೆ ಮಾತ್ರ ಬೆಲೆ, ಉಳಿದದ್ದು ಕಸ" ಎಂದ ಅವನು. ಅವನಿಗೆ ಗೊತ್ತಿಲ್ಲದ್ದು ನಿಜ. ಗೊತ್ತಿದ್ದ ನನ್ನನ್ನು ಯಾರು ಕೇಳಬೇಕು? ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗೊಬ್ಬರದ ಖಾಲಿ ಚೀಲಗಳಿಗೆ ಮೇಲಿನ ಮಣ್ಣು ಸಮೇತ ತುಂಬಿದೆವು. ಸತ್ಯ ಹೇಳುತ್ತೇನೆ, ಅವಳ ಮುಂದೆ ಮಂಡಿಯೂರಿ ಆ ಮಸಿ ಬಾಚುವಾಗ ಆದಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ.

ಬಸ್ಸಿನಲ್ಲಿ ಕಂಡಕ್ಟರು, "ಎಂತದ್ ಮೀನಕ್ಕ ಈ ಚೀಲ?" ಎಂದು ಕೇಳಿದ.

"ಟೀಚ್ರ್ ಮಾಡಿದ್ ಪಾಪ. ಹಿಂದಿನ್ ಸೀಟಿನ್ ಅಡಿಯಂಗೆ ಇಡ್ತ್, ಟಿಕೇಟ್ ಹರೀಬ್ಯಾಡ" ಎಂದಳು. ಆ ದಿನ ಅವಳು ಆಡಿದ ಕೊಂಕು ಅದೊಂದೇ. ನನಗೆ ಉಸಿರು ಬಂದಂತಾಯಿತು.

ಮರುದಿನದಿಂದ ಅವಳು ಮಾಡಿದ ಕೆಲಸ ನನ್ನಿಂದ ಸಾಧ್ಯವಿರಲಿಲ್ಲ. ಒಂದೊಂದೇ ಮನೆಯಲ್ಲಿ ಬುಟ್ಟಿ ಇಳಿಸಿ, ಮೀನು ತೋರಿಸುವ ಮೊದಲು, "ನಿಮ್ ಶೆಲ್ ಸರಿ ಜಾಗಕ್ಕ್ ಹೋಯ್ತ್ ಅಂದಿದ್ದೆ. ಹೋಯ್ಲಿಲ್ಲೆ, ತೋಡಿಗ್ ಬಿತ್ತ್. ಬಾಚಿ ತಂದಿತ್ತ್. ಮಾತ್ ತಪ್ಪಿದ್ ನಾನ್" ಎಂದು ಹೇಳಿದಳು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಹೆಸರು ಹೇಳು, ತಪ್ಪು ನನ್ನದು ಎಂದೆ. "ಅವ್ರ್ ಕೊಟ್ಟದ್ ನನ್ ಕೈಗೆ. ನಿಮ್ ಹೆಸ್ರ್ ಎಂತಕೆ?" ಎಂದಳು.

ಬಹಳ ಮನೆಯವರು ನಕ್ಕು ಬಿಟ್ಟರು. ನಮ್ಮತ್ತೆ ನಗಲಿಲ್ಲ. "ಇಷ್ಟ್ ಮಾಡಿ ತೋಡಿಗೆ ಹೊಯ್ದ್ರ್ಯಾ? ಹಾಂಗಾರೆ ನನ್ ಅಂಗ್ಳ ಎಂತ ಪಾಪ ಮಾಡಿತ್ತ್? ಇನ್ ನಾನ್ ಕೊಡುದಿಲ್ಲೆ. ಕೇಂಬುಕೂ ಬರ್ಬ್ಯಾಡ" ಎಂದರು. ನಾನು ನಡುವೆ ಬಾಯಿ ಹಾಕಿ ನನ್ನ ತಪ್ಪೆಂದು ಹೇಳಿದೆ. ಅತ್ತೆ ನನ್ನತ್ತ ತಿರುಗಿ ಕೂಡ ನೋಡಲಿಲ್ಲ. ಅವರು ನಂಬಿದ್ದು ನನ್ನನ್ನಲ್ಲ.

ಆಮೇಲೆ ಮೂರು ವರ್ಷ ಮೀನಕ್ಕ ನಮ್ಮಲ್ಲಿಗೆ ಮೀನು ತಂದಳು, ಅತ್ತೆ ಹೆರ್ಕದೆ ಅವಳು ಕೊಟ್ಟದ್ದನ್ನೇ ತೆಗೆದುಕೊಂಡರು, ಮಳೆ ಬೆಳೆ ಮಾತಾಡಿದರು. ಶೆಲ್ಲಿನ ಮಾತಿಲ್ಲ. ಊರೆಲ್ಲ ಕೇಳುವವಳು ನಮ್ಮ ಜಗಲಿಯಲ್ಲಿ ಮಾತ್ರ ಕೇಳುತ್ತಿರಲಿಲ್ಲ. ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡು ಕೂರುತ್ತಿದ್ದಳು. ಅದನ್ನು ನೋಡುವುದು ಕಷ್ಟವಾಗುತ್ತಿತ್ತು.

ಹಾಲಾಡಿಯಿಂದ ತಂದ ಚೀಲಗಳು, ಆಮೇಲೆ ಸೇರಿದ್ದು, ಎಲ್ಲ ಅವಳ ಮನೆಯ ಸೂರಿನಡಿಯಲ್ಲಿ, ಮಂಜುಗಡ್ಡೆ ಹಾಕುವ ಹಳೆ ಮೀನಿನ ಪೆಟ್ಟಿಗೆಗಳಲ್ಲಿ ಭದ್ರವಾಗಿದ್ದವು. ನಾನು ಪತ್ರ ಬರೆದೆ. ಎಲ್ಲೆಲ್ಲಿಗೋ ಬರೆದೆ. ಹಟ ಹಿಡಿದರೆ ನಾನೂ ಕಮ್ಮಿಯಲ್ಲ. ಕಡೆಗೆ ಬೆಂಗಳೂರಿನ ಹೊರಗೆ ಇಂಥ ವಸ್ತುಗಳನ್ನು ಬಿಡಿಸಲು ಪರವಾನಗಿ ಇರುವ ಒಂದು ಕಾರ್ಖಾನೆ ಒಪ್ಪಿತು. ಕುಂದಾಪುರದ ಮೊಬೈಲ್ ಅಂಗಡಿಗಳವರು, ಬ್ರಹ್ಮಾವರದ ಒಂದು ಶಾಲೆಯವರು ತಮ್ಮದನ್ನೂ ಸೇರಿಸಿದರು. ಲಾರಿ ನಿಗದಿಯಾಯಿತು.

"ಲಾರಿ ಕಳ್ಸಿರೆ ಸಾಕಾತಿಲ್ಲೆ. ಒಂದ್ ಸಲ ಕಳ್ಸಿ ಕಂಡಾಯ್ತಲೆ" ಎಂದಳು ಮೀನಕ್ಕ. "ನಾನ್ ಹೋಯಿ ಕಾಣ್ಕ್."

ಇಬ್ಬರೂ ಹೋದೆವು. ಮ್ಯಾನೇಜರು ಒಳ್ಳೆಯವರು. ಟೀ ತರಿಸಿ, ಪರದೆಯ ಮೇಲೆ ಚಿತ್ರ ತೋರಿಸುತ್ತೇನೆಂದರು. ಅವಳು ಕೂರಲೇ ಇಲ್ಲ, ಗಲ್ಲವೆತ್ತಿ ಒಳಗಿನ ಬಾಗಿಲು ತೋರಿಸಿದಳು. ಶೆಲ್ಲುಗಳನ್ನು ಬೇರ್ಪಡಿಸುವ ಮೇಜು, ಪುಡಿ ಮಾಡುವ ಯಂತ್ರ, ಧೂಳು ಎಳೆಯುವ ದೊಡ್ಡ ಕೊಳವೆ, ಕಬ್ಬಿಣಕ್ಕೊಂದು ಸತುವಿಗೊಂದು ತೊಟ್ಟಿ. ನಾನು ಯಂತ್ರ ನೋಡಿದೆ. ಅವಳು ನೋಡಿದ್ದು ಬೇರೆ.

"ಆ ಚೀಲ ತೆಗ್ದ್ ಕೈ ಕಾಣ್ಸ್ ಮಗಾ" ಎಂದು ಕೈಗವಸು ಹಾಕಿದ್ದ ಕೆಲಸದವನೊಬ್ಬನಿಗೆ ಹೇಳಿದಳು.

ಅವನಿಗೆ ಅವಳ ಕನ್ನಡ ಅರ್ಥವಾಗಲಿಲ್ಲ, ನಾನು ಹೇಳಿದೆ. ಅವನು ಮ್ಯಾನೇಜರರ ಮುಖ ನೋಡಿ ಗವಸು ತೆಗೆದ. ಮೀನಕ್ಕ ಅವನ ಅಂಗೈ ತಿರುಗಿಸಿ ನೋಡಿದಳು, ಮಣಿಕಟ್ಟು ಎತ್ತಿ ಬಿಟ್ಟು ನೋಡಿದಳು. ಮೂಲೆಯ ಕೊಡದಿಂದ ಒಂದು ಲೋಟದ ಅಂಚಿನವರೆಗೆ ನೀರು ತುಂಬಿಸಿ ತಂದು, ಹಿಡಿ ಎಂದು ಕೊಟ್ಟಳು. ಅವನು ಹಿಡಿದ. ನೀರು ಅಲುಗಲಿಲ್ಲ. ಹಾಗೆ ಅಲ್ಲಿದ್ದ ಅಷ್ಟೂ ಜನರ ಕೈಯನ್ನು ನೋಡಿದಳು. ಮ್ಯಾನೇಜರು ನಕ್ಕರು. ನಾನು ಅವರಿಗೆ ಅವಳ ಗಂಡನ ವಿಷಯ ಹೇಳಿದೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಅವಳು ಬುಟ್ಟಿ ಇಳಿಸಿದ್ದು ನೇರ ನಮ್ಮ ಜಗಲಿಯಲ್ಲಿ. ಅತ್ತೆ ಬಂದು ಎದುರು ಕೂತರು.

"ನೀನೇ ಕಂಡ್ಯಾ?"

"ಕಂಡೆ ಅಮ್ಮ. ಕಬ್ಣ ಬೇರೆ, ಸತು ಬೇರೆ ಮಾಡ್ತ್ರ್. ಆ ಕರಿ ಹುಡಿ ಇನ್ನೊಂದ್ ಕಡಿಗ್ ಹೋತ್ತಂಬ್ರ್, ಅಲ್ಲಿಗ್ ನಾನ್ ಹೋಯ್ಲಿಲ್ಲೆ, ಕಾಣದ್ದನ್ನ್ ಕಂಡೆ ಅಂದ್ ಹೇಳುದಿಲ್ಲೆ. ಅಲ್ಲಿ ಕೆಲ್ಸ ಮಾಡುವರ್ ಕೈ ಚಂದ ಇತ್ತ್."

ಅತ್ತೆ ಎದ್ದು ಒಳಗೆ ಹೋದರು. ಅಟ್ಟದ ಮೆಟ್ಟಿಲಿನ ಸದ್ದು ಕೇಳಿತು. ಬಾಯಿಗೆ ಬಟ್ಟೆ ಕಟ್ಟಿದ ಉಪ್ಪಿನಕಾಯಿ ಭರಣಿಯೊಂದನ್ನು ಸೊಂಟಕ್ಕಿಟ್ಟುಕೊಂಡು ಬಂದು ಮೀನಕ್ಕನ ಮುಂದಿಟ್ಟರು. ಬಟ್ಟೆ ಬಿಚ್ಚಿದರೆ ತುಂಬ ಶೆಲ್ಲುಗಳು, ಒಂದೊಂದಕ್ಕೂ ಕಾಗದ ಸುತ್ತಿ, ನೂಲು ಕಟ್ಟಿ. ಒಂದೇ ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ. ಅಂಗಳ ಬೂದಿ ಬಣ್ಣದಲ್ಲೇ ಇದ್ದುದನ್ನು ಮೂರು ವರ್ಷ ನೋಡಿಯೂ ನಾನು ಯೋಚಿಸಿರಲಿಲ್ಲ.

"ಮೂರ್ ವರ್ಷದ್ ಎಲ್ಲ ಇಟ್ಕಂಡಿದ್ರ್ಯಾ ಅಮ್ಮ?" ಮೀನಕ್ಕ ಒಂದು ಶೆಲ್ಲು ಎತ್ತಿ ನೋಡಿದಳು. "ಕೊಡುದಿಲ್ಲೆ ಅಂದಿದ್ರಿ!"

"ಕೊಡುದಿಲ್ಲೆ ಅಂದದ್ ಹೌದ್. ಬಿಸಾಡ್ತೆ ಅಂದ್ ಹೇಳಿದ್ನಾ?"

ಮೀನಕ್ಕ ಸೆರಗು ಮುಖಕ್ಕೆ ಒತ್ತಿಕೊಂಡಳು. ಗಂಡ ಸತ್ತಾಗಲೂ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅತ್ತೆ ಬುಟ್ಟಿಯ ಮೇಲಿನ ಎಲೆ ಸರಿಸಿದರು.

"ಮರ್ಕಿದ್ ಸಾಕ್ ಹೆಣೆ. ಕೈ ತೊಳ್ಕಂಡ್ ಬಾ. ನಾನ್ ಇವತ್ತ್ ಮೀನ್ ಹೆರ್ಕಂತೆ."